ದೊಡ್ಡಮನೆಯ ಐದು ದಿನ: ರೀಜೆನ್ಸಿ ಪ್ರಣಯಕಥೆಯಲ್ಲಿ ಜಗಳದ ಸ್ಥಾನ



ಕಾದಂಬರಿಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನೂ ಕೊಟ್ಟಿದ್ದೀರಿ. ವಿದ್ವಾಂಸರು ಸಾಮಾನ್ಯವಾಗಿ ಕಡೆಗಣಿಸುವ, ಓದುಗರು ಮಾತ್ರ ಎರಡು ನೂರು ವರ್ಷಗಳಿಂದ ಕೈಬಿಡದ ಒಂದು ಕಥಾವಸ್ತುವನ್ನು ನಾನು ಆರಿಸಿಕೊಂಡಿದ್ದೇನೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಒಂದು ದೊಡ್ಡಮನೆ. ಅಲ್ಲಿ ನಾಲ್ಕಾರು ದಿನ ತಂಗಿದ ಅತಿಥಿಗಳು. ಅವರ ನಡುವೆ ಎಣ್ಣೆ ಸೀಗೆಕಾಯಿಯಂಥ ಒಬ್ಬ ಗಂಡು, ಒಬ್ಬಳು ಹೆಣ್ಣು. ಎದುರಾದಾಗಲೆಲ್ಲ ಮಾತಿಗೆ ಮಾತು ಬೆಳೆಯುತ್ತದೆ. ಕೊನೆಗೆ ಇಬ್ಬರೂ ಮದುವೆಯಾಗುತ್ತಾರೆ. ಕಥೆ ಇಷ್ಟೇ. ಇದನ್ನು ಹಗುರವಾದ ಮನರಂಜನೆ ಎಂದು ಪಕ್ಕಕ್ಕಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಸಮಾಜದಲ್ಲಿ ಒಬ್ಬ ಅವಿವಾಹಿತ ಹೆಣ್ಣು ಒಬ್ಬ ಗಂಡಸಿನ ಜೊತೆ ಸರಿಸಮವಾಗಿ ಮಾತನಾಡಲು ಉಳಿದಿದ್ದ ದಾರಿ ಹೆಚ್ಚುಕಡಿಮೆ ಜಗಳವೊಂದೇ. ಆ ಜಗಳಕ್ಕೆ ಬೇಕಾದ ಬಿಡುವನ್ನು ಕೊಟ್ಟದ್ದು ದೊಡ್ಡಮನೆ. ನನ್ನ ಇಂದಿನ ಮಾತೆಲ್ಲ ಈ ಎರಡು ಸಂಗತಿಗಳ ಸುತ್ತ.

ಮೊದಲು ಕಾಲದ ವಿಚಾರ. ಮೂರನೆಯ ಜಾರ್ಜ್ ದೊರೆ ಬುದ್ಧಿಭ್ರಮಣೆಯಿಂದ ರಾಜ್ಯವಾಳಲು ಅಸಮರ್ಥನಾದಾಗ, 1811ರ ಫೆಬ್ರುವರಿಯಲ್ಲಿ ಅವನ ಹಿರಿಯ ಮಗ ರಾಜಪ್ರತಿನಿಧಿ, ಅಂದರೆ ರೀಜೆಂಟ್ ಆದ. 1820ರ ಜನವರಿಯಲ್ಲಿ ತಂದೆ ತೀರಿಕೊಂಡ ಮೇಲೆ ತಾನೇ ನಾಲ್ಕನೆಯ ಜಾರ್ಜ್ ಆಗಿ ಪಟ್ಟವೇರಿದ. ನಡುವಿನ ಈ ಒಂಬತ್ತು ವರ್ಷಗಳೇ ಕಟ್ಟುನಿಟ್ಟಿನ ಅರ್ಥದಲ್ಲಿ ರೀಜೆನ್ಸಿ. ನೆಪೋಲಿಯನ್ನನ ವಿರುದ್ಧದ ಯುದ್ಧ, ಯಂತ್ರಗಳನ್ನು ಒಡೆದ ಲಡ್ಡೈಟ್ ನೇಕಾರರ ದಂಗೆ, 1815ರ ವಾಟರ್‌ಲೂ, ಮರುವರ್ಷ ಬೇಸಿಗೆಯೇ ಬಾರದೆ ಕೈಕೊಟ್ಟ ಬೆಳೆ, ಇವೆಲ್ಲ ನಡೆದದ್ದು ಇದೇ ಅವಧಿಯಲ್ಲಿ. ಪ್ರಣಯಕಥೆಗಳಲ್ಲಿ ಇವು ಬಾಗಿಲಾಚೆ ಕೇಳುವ ಸದ್ದಾಗಿ ಮಾತ್ರ ಬರುತ್ತವೆ. ಆದರೆ ಬಾಗಿಲೊಳಗಿನ ಬದುಕಿಗೂ ತನ್ನದೇ ಆದ ಗಟ್ಟಿ ಕಾರಣಗಳಿದ್ದವು.

ಜಮೀನ್ದಾರರ ಮನೆಗೆ ಅತಿಥಿಗಳು ಬಂದರೆ ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತಿದ್ದರು. ಕುದುರೆಗಾಡಿಯಲ್ಲಿ ಕೆಟ್ಟ ರಸ್ತೆಗಳ ಮೇಲೆ ಎರಡು ದಿನ ಕುಲುಕಿಸಿಕೊಂಡು ಬಂದವರು ಒಂದು ಊಟ ಮುಗಿಸಿ ಎದ್ದು ಹೋಗುವಂತಿರಲಿಲ್ಲ. ಸೆಪ್ಟೆಂಬರ್ ಒಂದರಿಂದ ಕವುಜುಗದ ಬೇಟೆ ಶುರು, ಚಳಿಗಾಲವೆಲ್ಲ ನರಿಬೇಟೆ. ಗಂಡಸರು ಹಗಲೆಲ್ಲ ಬಂದೂಕು ಹಿಡಿದು ಹೊರಗೆ, ಹೆಂಗಸರು ಕಸೂತಿ, ಪತ್ರ, ಪಿಯಾನೊ ಎಂದು ಒಳಗೆ. ಸಂಜೆ ಊಟದ ಹೊತ್ತಿಗೆ ಎಲ್ಲರೂ ಒಂದೆಡೆ ಸೇರಬೇಕು. ಇಲ್ಲೊಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಜೇನುಮೇಣದ ಬತ್ತಿ ದುಬಾರಿ, ಬೆಂಕಿಗೂಡಿಗೆ ಸೌದೆ ಒಟ್ಟುವುದೂ ಖರ್ಚಿನ ಬಾಬತ್ತು. ಹಾಗಾಗಿ ಎಷ್ಟೇ ಕೋಣೆಗಳಿದ್ದರೂ, ರಾತ್ರಿ ಬೆಳಕೂ ಬಿಸುಪೂ ಇರುತ್ತಿದ್ದುದು ಪಡಸಾಲೆಯಲ್ಲಿ. ಒಬ್ಬರಿಗೊಬ್ಬರು ಸೇರದವರು ಕೂಡ ಒಂದೇ ಉರಿಯ ಮುಂದೆ, ಒಂದೇ ದೀಪದ ಬುಡದಲ್ಲಿ ಕೂತಿರಬೇಕಾಗುತ್ತಿತ್ತು. ಕಾದಂಬರಿಕಾರರಿಗೆ ಇದಕ್ಕಿಂತ ಇನ್ನೇನು ಬೇಕು?

ಈಗ ಆ ಪಡಸಾಲೆಯಲ್ಲಿ ಕೂತ ಮದುವೆ ವಯಸ್ಸಿನ ಹೆಣ್ಣಿನ ಪರಿಸ್ಥಿತಿ ಹೇಗಿತ್ತೆಂದು ನೋಡೋಣ. ಪರಿಚಯ ಮಾಡಿಸದೆ ಗಂಡಸಿನೊಡನೆ ಮಾತಾಡುವಂತಿಲ್ಲ. ನಿಶ್ಚಿತಾರ್ಥವಾಗದೆ ಪತ್ರ ಬರೆಯುವಂತಿಲ್ಲ. ನೃತ್ಯಕೂಟದಲ್ಲಿ ಒಬ್ಬನ ಜೊತೆಗೇ ಎರಡು ಸಲಕ್ಕಿಂತ ಹೆಚ್ಚು ಕುಣಿದರೆ ಊರೆಲ್ಲ ಮದುವೆಯ ಮಾತು. ಒಂದು ಜೋಡಿ ನೃತ್ಯಕ್ಕೆ ಸುಮಾರು ಅರ್ಧ ಗಂಟೆ. ಅಷ್ಟರಲ್ಲಿ, ಅದೂ ಸಾಲಿನಲ್ಲಿ ಹೆಜ್ಜೆ ಹಾಕುತ್ತಾ, ಒಬ್ಬ ಮನುಷ್ಯನ ಸ್ವಭಾವವನ್ನು ಅಳೆಯಬೇಕು. ಹಾಗೆ ಅಳೆದು ಕೈಹಿಡಿದ ಮೇಲೆ ಕಾನೂನಿನ ಕಣ್ಣಿನಲ್ಲಿ ಅವಳು ಪ್ರತ್ಯೇಕ ವ್ಯಕ್ತಿಯೇ ಅಲ್ಲ. ಅವಳ ಕೈಯಲ್ಲಿದ್ದ ಹಣ ಗಂಡನದು. ವಿವಾಹಿತ ಮಹಿಳೆಯ ಆಸ್ತಿಹಕ್ಕಿನ ಕಾಯಿದೆಗಳು ಬಂದದ್ದು 1870 ಮತ್ತು 1882ರಲ್ಲಿ. ಮದುವೆ ಮುರಿದು ಮತ್ತೊಂದು ಮದುವೆಯಾಗಬೇಕಾದರೆ 1857ರ ತನಕ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಅಂಗೀಕಾರವಾಗಬೇಕಿತ್ತು. ಆ ಭಾಗ್ಯ ಹೆಚ್ಚುಕಡಿಮೆ ಸಿರಿವಂತ ಗಂಡಸರಿಗೆ ಮಾತ್ರ. ಅಂದರೆ ಹೆಣ್ಣಿನ ಇಡೀ ಬದುಕು ಒಂದೇ ತೀರ್ಮಾನದ ಮೇಲೆ ನಿಂತಿತ್ತು, ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆ ಪಡೆಯುವ ದಾರಿಗಳೆಲ್ಲ ಮುಚ್ಚಿದ್ದವು.

ಮಾತಿನಿಂದ ತಿಳಿದುಕೊಳ್ಳೋಣವೆಂದರೆ ಮಾತಿಗೂ ಕಾವಲು. ಹೆಣ್ಣುಮಕ್ಕಳಿಗೆ ನಡತೆ ಕಲಿಸುವ ಪುಸ್ತಕಗಳು ಆಗ ಮನೆಮನೆಯಲ್ಲೂ ಇದ್ದವು. ಸ್ಕಾಟ್ಲೆಂಡಿನ ವೈದ್ಯ ಜಾನ್ ಗ್ರೆಗರಿ ತನ್ನ ಹೆಣ್ಣುಮಕ್ಕಳಿಗೆಂದು ಬರೆದಿಟ್ಟ ಬುದ್ಧಿಮಾತು 1774ರಲ್ಲಿ ಅಚ್ಚಾಯಿತು. ಚತುರ ಮಾತು ಹೆಣ್ಣಿಗಿರಬಹುದಾದ ಅತ್ಯಂತ ಅಪಾಯಕಾರಿ ಗುಣ, ಓದು ತಿಳಿವಳಿಕೆ ಇದ್ದರೆ ಗಂಡಸರೆದುರು ಬಚ್ಚಿಟ್ಟುಕೊಳ್ಳಿ ಎಂದು ಆತ ನಿಜವಾದ ವಾತ್ಸಲ್ಯದಿಂದಲೇ ಹೇಳಿದ. ಮಕ್ಕಳ ಒಳಿತನ್ನು ಬಯಸಿದ ತಂದೆಯೊಬ್ಬ ಹೀಗೆ ಬರೆಯಬೇಕಾಯಿತು ಎನ್ನುವುದೇ ಸಂಕಟದ ವಿಷಯ. ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಹೆಣ್ಣಿನ ಹಕ್ಕುಗಳ ಬಗ್ಗೆ ಬರೆದಾಗ ಗ್ರೆಗರಿಯನ್ನೂ, ಪಾದ್ರಿ ಜೇಮ್ಸ್ ಫೋರ್ಡೈಸನ ಉಪದೇಶಗಳನ್ನೂ ಹೆಸರೆತ್ತಿ ಖಂಡಿಸಿದಳು. ಅದೇ ಫೋರ್ಡೈಸನ ಪುಸ್ತಕವನ್ನು ಜೇನ್ ಆಸ್ಟಿನ್ ತನ್ನ 'ಪ್ರೈಡ್ ಅಂಡ್ ಪ್ರೆಜುಡೀಸ್' ಕಾದಂಬರಿಯಲ್ಲಿ ಕಾಲಿನ್ಸ್ ಎಂಬ ಪಾದ್ರಿಯ ಕೈಗೆ ಕೊಟ್ಟು, ಬೆನೆಟ್ ಸೋದರಿಯರ ಮುಂದೆ ಗಟ್ಟಿಯಾಗಿ ಓದಿಸುತ್ತಾಳೆ. ಮೂರು ಪುಟ ಮುಗಿಯುವ ಮೊದಲೇ ಕಿರಿಯವಳು ಲಿಡಿಯಾ ನಡುವೆ ಬಾಯಿ ಹಾಕಿ ಬೇರೆ ಮಾತು ತೆಗೆಯುತ್ತಾಳೆ.

ಆಸ್ಟಿನ್ ಹುಟ್ಟಿದ್ದು 1775ರಲ್ಲಿ, ಹ್ಯಾಂಪ್‌ಷೈರಿನ ಸ್ಟೀವನ್‌ಟನ್ ಎಂಬ ಹಳ್ಳಿಯ ಪಾದ್ರಿಮನೆಯಲ್ಲಿ. 'ಪ್ರೈಡ್ ಅಂಡ್ ಪ್ರೆಜುಡೀಸ್'ನ ಮೊದಲ ರೂಪವನ್ನು ಇಪ್ಪತ್ತರ ಹರೆಯದಲ್ಲೇ ಬರೆದಿದ್ದಳು. 1797ರಲ್ಲಿ ಅವಳ ತಂದೆ ಲಂಡನ್ನಿನ ಪ್ರಕಾಶಕನೊಬ್ಬನಿಗೆ ಅದರ ಬಗ್ಗೆ ಬರೆದಾಗ ಆತ ಹಸ್ತಪ್ರತಿಯನ್ನು ತರಿಸಿ ನೋಡುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ತಿದ್ದಿದ ರೂಪ ಅಚ್ಚಾದದ್ದು 1813ರ ಜನವರಿಯಲ್ಲಿ. ಹಕ್ಕುಗಳನ್ನು 110 ಪೌಂಡಿಗೆ ಮಾರಿದ್ದಳು. ಪುಸ್ತಕದ ಮೇಲೆ ಅವಳ ಹೆಸರಿರಲಿಲ್ಲ. ದೊಡ್ಡಮನೆಗಳನ್ನು ಅವಳು ಒಳಗಿನಿಂದ ಬಲ್ಲವಳು, ಆದರೆ ಅತಿಥಿಯಾಗಿ. ಅವಳ ಅಣ್ಣ ಎಡ್ವರ್ಡ್‌ನನ್ನು ನೈಟ್ ಎಂಬ ಸಿರಿವಂತ ಬಂಧುಗಳು ದತ್ತು ತೆಗೆದುಕೊಂಡಿದ್ದರಿಂದ ಕೆಂಟ್ ಪ್ರಾಂತದ ಗಾಡ್‌ಮರ್‌ಷಮ್ ಪಾರ್ಕ್ ಅವನ ಪಾಲಿಗೆ ಬಂತು. ಜೇನ್ ಅಲ್ಲಿ ಮತ್ತೆ ಮತ್ತೆ ತಂಗಿದಳು. ಒಡತಿಯೂ ಅಲ್ಲದ ಆಳೂ ಅಲ್ಲದ ಬಡ ನೆಂಟಳಿಗೆ ದೊಡ್ಡಮನೆಯ ಪಡಸಾಲೆ ಎಷ್ಟು ಚೆನ್ನಾಗಿ ಕಾಣುತ್ತದೆಯೋ, ಮತ್ತಾರಿಗೂ ಅಷ್ಟು ಚೆನ್ನಾಗಿ ಕಾಣುವುದಿಲ್ಲ.

ಈಗ ಆ ಕಾದಂಬರಿಯಲ್ಲಿ ನೆದರ್‌ಫೀಲ್ಡ್ ಎಂಬ ದೊಡ್ಡಮನೆಯಲ್ಲಿ ಕಳೆಯುವ ಐದು ದಿನಗಳಿಗೆ ಬರೋಣ. ಬೆನೆಟ್ ಸೋದರಿಯರಲ್ಲಿ ಹಿರಿಯಳಾದ ಜೇನ್ ಮಳೆಯಲ್ಲಿ ಕುದುರೆ ಏರಿ ಹೋಗಿ, ನೆನೆದು, ಜ್ವರ ಬಂದು, ಅಲ್ಲಿ ನೆಲೆಸಿರುವ ಬಿಂಗ್ಲಿ ಎಂಬ ತರುಣನ ಮನೆಯಲ್ಲಿ ಮಲಗಿದ್ದಾಳೆ. ತಂಗಿ ಎಲಿಜಬೆತ್ ಮೂರು ಮೈಲಿ ಕೆಸರಿನಲ್ಲಿ ನಡೆದು, ಲಂಗದ ಅಂಚೆಲ್ಲ ರಾಡಿ ಮಾಡಿಕೊಂಡು, ಬುಧವಾರ ಬೆಳಗಿನ ತಿಂಡಿಯ ಹೊತ್ತಿಗೆ ಬಂದು ನಿಲ್ಲುತ್ತಾಳೆ. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಹೊರಡುತ್ತಾರೆ. ಅರವತ್ತೊಂದು ಅಧ್ಯಾಯಗಳ ಕಾದಂಬರಿಯಲ್ಲಿ ಈ ಭೇಟಿಗೆ ಆರು ಅಧ್ಯಾಯ ಮೀಸಲು. ಊಟಕ್ಕೆ ಕರೆ ಬರುವುದು ಸಂಜೆ ಆರೂವರೆಗೆ. ಆಮೇಲೆ ಇಸ್ಪೀಟು, ಕಾಫಿ, ಪುಸ್ತಕ, ಹಾಡು.

ಒಂದು ಸಂಜೆ ಬಿಂಗ್ಲಿಯ ಗೆಳೆಯ ಡಾರ್ಸಿ ತನ್ನ ತಂಗಿಗೆ ಪತ್ರ ಬರೆಯುತ್ತಿದ್ದಾನೆ. ಬಿಂಗ್ಲಿಯ ತಂಗಿ ಕ್ಯಾರೊಲಿನ್ ಪಕ್ಕದಲ್ಲಿ ಕೂತು ಅವನ ಅಕ್ಷರ, ಅವನ ವೇಗ, ಪತ್ರದ ಉದ್ದ, ಎಲ್ಲವನ್ನೂ ಹೊಗಳುತ್ತಾಳೆ. ಅವನು ಏನೆಂದರೂ ಅವಳದು ಹೂಂ. ಆಮೇಲೆ ಎಲಿಜಬೆತ್ ಮಾತಿಗಿಳಿಯುತ್ತಾಳೆ. ಗೆಳೆಯನ ಒಂದು ಮಾತಿಗೆ ತಟ್ಟನೆ ಒಪ್ಪಿ ಮನಸ್ಸು ಬದಲಿಸುವುದು ಸದ್ಗುಣವೋ ದೌರ್ಬಲ್ಯವೋ ಎಂಬ ಸಣ್ಣ ಪ್ರಶ್ನೆ ಇಬ್ಬರ ನಡುವೆ ನಿಜವಾದ ವಾದವಾಗಿ ಬೆಳೆಯುತ್ತದೆ. ಬಿಂಗ್ಲಿಯೇ ಗಾಬರಿಯಾಗಿ ನಿಲ್ಲಿಸಿ ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಪಿಯಾನೊದಲ್ಲಿ ಕುಣಿತದ ಗತ್ತು ಕೇಳಿ ಡಾರ್ಸಿ ಅವಳ ಹತ್ತಿರ ಬಂದು, ಕುಣಿಯುವ ಮನಸ್ಸಾಗುವುದಿಲ್ಲವೇ ಎಂದು ಕೇಳುತ್ತಾನೆ. ಅವಳು ಉತ್ತರಿಸುವುದಿಲ್ಲ. ಅವನು ಮತ್ತೊಮ್ಮೆ ಕೇಳುತ್ತಾನೆ. ಹೂಂ ಎಂದರೆ ತನ್ನ ಅಭಿರುಚಿಯನ್ನು ಕೀಳಾಗಿ ಕಾಣಲು ಅವನಿಗೆ ಅವಕಾಶ ಸಿಗುತ್ತದೆಂದು ಅವಳ ಲೆಕ್ಕ. ಆದ್ದರಿಂದ ಒಲ್ಲೆ ಎನ್ನುತ್ತಾಳೆ, ಈಗ ಧೈರ್ಯವಿದ್ದರೆ ತಾತ್ಸಾರ ಮಾಡಿ ಎಂದು ಸವಾಲೂ ಹಾಕುತ್ತಾಳೆ. ತನಗೆ ಆ ಧೈರ್ಯವಿಲ್ಲ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಸಿಟ್ಟು ಬರಿಸಲು ಆಡಿದ ಮಾತಿಗೆ ಸಿಕ್ಕ ಈ ವಿನಯ ಅವಳನ್ನೇ ಬೆರಗಾಗಿಸುತ್ತದೆ.

ಮರುಸಂಜೆ ಡಾರ್ಸಿ ಪುಸ್ತಕ ಓದುತ್ತಿದ್ದಾನೆ. ಕ್ಯಾರೊಲಿನ್ ಅದೇ ಪುಸ್ತಕದ ಎರಡನೆಯ ಸಂಪುಟವನ್ನು ಕೈಗೆತ್ತಿಕೊಂಡಿದ್ದಾಳೆ. ಅವನು ಹಿಡಿದದ್ದು ಮೊದಲನೆಯದು ಎಂಬುದಷ್ಟೇ ಕಾರಣ. ಓದು ಸಾಗದೆ ಎದ್ದು ಕೋಣೆಯಲ್ಲಿ ಅಡ್ಡಾಡುತ್ತಾಳೆ. ಅವನು ತಲೆ ಎತ್ತುವುದಿಲ್ಲ. ಎಲಿಜಬೆತ್‌ಳನ್ನು ಜೊತೆಗೆ ಕರೆದದ್ದೇ ತಡ, ಡಾರ್ಸಿ ಪುಸ್ತಕ ಮುಚ್ಚುತ್ತಾನೆ. ನಕ್ಕು ಗೇಲಿ ಮಾಡಲು ಅವನಲ್ಲಿ ಏನೂ ದೋಷವಿಲ್ಲವೇ ಎಂದು ಮಾತು ಶುರುವಾಗುತ್ತದೆ. ತನಗೆ ಸಿಟ್ಟು ಬೇಗ ಇಳಿಯುವುದಿಲ್ಲ, ಒಮ್ಮೆ ಯಾರ ಮೇಲಾದರೂ ಇದ್ದ ಒಳ್ಳೆಯ ಅಭಿಪ್ರಾಯ ಹೋದರೆ ಹೋದಂತೆಯೇ ಎಂದು ಅವನು ಹೇಳುತ್ತಾನೆ. ಹಾಗಿದ್ದರೆ ಎಲ್ಲರನ್ನೂ ದ್ವೇಷಿಸುವುದೇ ನಿಮ್ಮ ದೋಷ ಎಂದು ಅವಳು. ಬೇಕೆಂದೇ ಎಲ್ಲರನ್ನೂ ತಪ್ಪು ತಿಳಿಯುವುದು ನಿಮ್ಮದು ಎಂದು ಅವನು. ಇಡೀ ಕಾದಂಬರಿಯ ಮುಂದಿನ ದುಃಖಗಳೆಲ್ಲ ಈ ಎರಡು ವಾಕ್ಯಗಳಲ್ಲಿವೆ. ಇಬ್ಬರೂ ಪರಸ್ಪರರ ನಿಜವಾದ ಕುಂದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಾರೆ. ಇಬ್ಬರಿಗೂ ಇನ್ನೂ ಅದು ಕೇಳಿಸಿಲ್ಲ, ಅಷ್ಟೆ. ಉಪಚಾರದ ಮಾತಿನಲ್ಲಿ ವರ್ಷ ಕಳೆದರೂ ಇಂಥ ಸತ್ಯ ಹೊರಬರುತ್ತಿರಲಿಲ್ಲ. ಅವಳ ಕಡೆ ಹೀಗೆ ಗಮನ ಕೊಡುವುದರಲ್ಲಿ ತನಗೆ ಅಪಾಯವಿದೆ ಎಂದು ಡಾರ್ಸಿಗೆ ಅರಿವಾಗುತ್ತದೆ. ಶನಿವಾರ ಅವಳ ಜೊತೆ ಹತ್ತು ಮಾತೂ ಆಡುವುದಿಲ್ಲ. ಒಮ್ಮೆ ಅರ್ಧ ಗಂಟೆ ಇಬ್ಬರೇ ಕೋಣೆಯಲ್ಲಿ ಉಳಿದಾಗಲೂ ಪುಸ್ತಕದಿಂದ ಕಣ್ಣು ಕೀಳುವುದಿಲ್ಲ. ಯಾರೂ ಇಲ್ಲದಾಗ ಜಗಳವೂ ಇಲ್ಲ. ಇದು ನನಗೆ ಬಹಳ ಮುಖ್ಯವೆನಿಸುತ್ತದೆ. ಅವರ ಜಗಳಕ್ಕೆ ಪಡಸಾಲೆ ತುಂಬ ಜನ ಬೇಕು, ಏಕೆಂದರೆ ಜನರ ನಡುವೆ ಆಡಿದ ವಾದವನ್ನು ಯಾರೂ ಪ್ರಣಯವೆಂದು ಆಕ್ಷೇಪಿಸಲಾರರು.

ಜಗಳದ ಇನ್ನೊಂದು ಬೆಲೆ ಏಪ್ರಿಲ್ ತಿಂಗಳಲ್ಲಿ, ಕಾಲಿನ್ಸ್ ಪಾದ್ರಿಯ ಊರಾದ ಹನ್ಸ್‌ಫರ್ಡಿನಲ್ಲಿ ತಿಳಿಯುತ್ತದೆ. ವರ್ಷಕ್ಕೆ ಹತ್ತು ಸಾವಿರ ಪೌಂಡ್ ಆದಾಯದ ಡಾರ್ಸಿ ಮದುವೆಯ ಪ್ರಸ್ತಾಪ ಮಾಡಿದಾಗ ಎಲಿಜಬೆತ್ ನಿರಾಕರಿಸುತ್ತಾಳೆ. ತಾಯಿಯ ಕಾಲಾನಂತರ ಅವಳ ಪಾಲಿಗೆ ಬರಬಹುದಾದದ್ದು ಸಾವಿರ ಪೌಂಡಿನ ಗಂಟು. ಇರುವ ಮನೆ ಕಾಲಿನ್ಸನ ಪಾಲು. ಅಂಥವಳು, ನೀವು ಸಭ್ಯರಂತೆ ನಡೆದುಕೊಳ್ಳಲಿಲ್ಲ ಎನ್ನುತ್ತಾಳೆ. ತಿಂಗಳುಗಳಾದ ಮೇಲೆ ಡಾರ್ಸಿ ಆ ಮಾತನ್ನು ಹಾಗೆಯೇ ನೆನಪಿಟ್ಟು ಅವಳಿಗೇ ಹೇಳುತ್ತಾನೆ, ಅದು ತನ್ನನ್ನು ಎಷ್ಟು ಕಾಡಿತೆಂದು. ಇತ್ತ ಅವಳು ಅವನು ಬರೆದುಕೊಟ್ಟ ಪತ್ರವನ್ನು ಮತ್ತೆ ಮತ್ತೆ ಓದಿ, ಅವನ ಮೇಲೆ ಚಾಡಿ ಹೇಳಿ ತನ್ನನ್ನು ನಂಬಿಸಿದ್ದ ವಿಕಮ್‌ನ ವಿಚಾರದಲ್ಲಿ ತಾನು ಕುರುಡಾಗಿದ್ದೆನೆಂದು ಕಂಡುಕೊಳ್ಳುತ್ತಾಳೆ. ಹೊಗಳಿಕೆಯನ್ನು ಯಾರೂ ಇಷ್ಟು ದಿನ ನೆನಪಿಡುವುದಿಲ್ಲ. ಎದುರಾಳಿಯ ಮಾತನ್ನು ಮಾತ್ರ ಮನುಷ್ಯ ಅಕ್ಷರ ಅಕ್ಷರವಾಗಿ ಕೇಳಿಸಿಕೊಳ್ಳುತ್ತಾನೆ.

ಆಸ್ಟಿನ್ ಈ ಜಗಳದ ಕಥೆಯನ್ನು ಶೂನ್ಯದಿಂದ ತರಲಿಲ್ಲ. ಷೇಕ್ಸ್‌ಪಿಯರನ 'ಮಚ್ ಅಡೂ ಅಬೌಟ್ ನಥಿಂಗ್' ನಾಟಕದ ಬಿಯಾಟ್ರಿಸ್ ಮತ್ತು ಬೆನೆಡಿಕ್ ಕೂಡ ಮೆಸ್ಸಿನಾದ ದೊಡ್ಡಮನೆಯೊಂದಕ್ಕೆ ಯುದ್ಧ ಮುಗಿಸಿ ಬಂದ ಅತಿಥಿಗಳ ನಡುವೆ ಕಚ್ಚಾಡುವವರೇ. 1700ರಲ್ಲಿ ರಂಗಕ್ಕೆ ಬಂದ ಕಾಂಗ್ರೀವನ 'ದಿ ವೇ ಆಫ್ ದಿ ವರ್ಲ್ಡ್'ನಲ್ಲಿ ನಾಯಕಿ ನಾಯಕರು ಮದುವೆಗೆ ಮುಂಚೆ ಷರತ್ತುಗಳನ್ನೇ ಚೌಕಾಸಿ ಮಾಡುತ್ತಾರೆ. ಆದರೆ ಷೇಕ್ಸ್‌ಪಿಯರನಲ್ಲೇ ಇದಕ್ಕೆ ಎದುರು ದಾರಿಯೊಂದಿದೆ, 'ದಿ ಟೇಮಿಂಗ್ ಆಫ್ ದಿ ಶ್ರೂ'. ಕನ್ನಡಿಗರಿಗೆ ಹೆಚ್ಚು ಪರಿಚಯವಾದದ್ದು ಈ ಎರಡನೆಯ ದಾರಿಯೇ. ಪರ್ವತವಾಣಿಯವರ 'ಬಹದ್ದೂರ್ ಗಂಡ' ನಾಟಕ, ಆಮೇಲೆ 1989ರ 'ನಂಜುಂಡಿ ಕಲ್ಯಾಣ' ಚಿತ್ರ ಅದೇ ಬೇರಿನವು. ಆ ನಾಟಕವನ್ನೂ ಚಿತ್ರವನ್ನೂ ಜನ ಮನಸಾರೆ ಮೆಚ್ಚಿದ್ದಾರೆ, ಆ ಮೆಚ್ಚುಗೆಯ ಬಗ್ಗೆ ನನಗೆ ಗೌರವವಿದೆ. ಆದರೂ ಬಜಾರಿ ಹೆಣ್ಣನ್ನು ಪಳಗಿಸುವ ಕಥೆಯನ್ನೂ ಇಬ್ಬರು ಸಮಾನರು ಸೆಣಸುವ ಕಥೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಪಳಗಿಸುವ ಕಥೆಯಲ್ಲಿ ಜಗಳ ಗುಣಪಡಿಸಬೇಕಾದ ಕಾಯಿಲೆ, ಕೊನೆಗೆ ಒಬ್ಬಳ ದನಿ ಅಡಗುತ್ತದೆ. ಸಮಾನರ ಕಥೆಯಲ್ಲಿ ಇಬ್ಬರ ದನಿಯೂ ಉಳಿಯುತ್ತದೆ, ಇಬ್ಬರೂ ಬದಲಾಗುತ್ತಾರೆ.

ದೊಡ್ಡಮನೆಯನ್ನು ಇಷ್ಟು ಹೊತ್ತು ವರ್ಣಿಸಿದ ಮೇಲೆ ಅದು ಯಾರ ದುಡ್ಡಿನಲ್ಲಿ ನಡೆಯುತ್ತಿತ್ತೆಂದು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ಗೇಣಿದಾರರ ಬೆವರು ಒಂದು ಕಡೆ. ಆಸ್ಟಿನ್ನಳೇ 'ಮ್ಯಾನ್ಸ್‌ಫೀಲ್ಡ್ ಪಾರ್ಕ್'ನಲ್ಲಿ ಯಜಮಾನನನ್ನು ವೆಸ್ಟ್ ಇಂಡೀಸಿನ ಆಂಟಿಗ್ವಾದ ಆಸ್ತಿ ನೋಡಲು ಕಳಿಸುತ್ತಾಳೆ, ಅಂದರೆ ಗುಲಾಮರು ದುಡಿಯುತ್ತಿದ್ದ ನೆಲಕ್ಕೆ. ಅವನು ಇಲ್ಲದಾಗಲೇ ಮಕ್ಕಳು ಅತಿಥಿಗಳ ಜೊತೆ ನಾಟಕದ ತಾಲೀಮು ನಡೆಸುತ್ತಾರೆ. ನಮಗೆ ಇನ್ನೂ ಹತ್ತಿರದ ಉದಾಹರಣೆಯಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದಾಗ, ಮುತ್ತಿಗೆ ಹಾಕಿದ ಸೈನ್ಯದ ದಂಡನಾಯಕ ಜನರಲ್ ಜಾರ್ಜ್ ಹ್ಯಾರಿಸ್. ಲೂಟಿಯಲ್ಲಿ ತನಗೆ ಬಂದ ಪಾಲಿನ ಹಣದಿಂದ ಅವನು 1801ರಲ್ಲಿ ಕೊಂಡದ್ದು ಕೆಂಟ್‌ನ ಬೆಲ್ಮಾಂಟ್ ಎಂಬ ದೊಡ್ಡಮನೆಯನ್ನು. ಜೇನ್ ಆಸ್ಟಿನ್ ಅತಿಥಿಯಾಗಿ ತಂಗುತ್ತಿದ್ದ ಗಾಡ್‌ಮರ್‌ಷಮ್ ಇರುವುದೂ ಅದೇ ಕೆಂಟ್‌ನಲ್ಲಿ. 1815ರಲ್ಲಿ ಹ್ಯಾರಿಸನಿಗೆ ಸಿಕ್ಕ ಬಿರುದಿನಲ್ಲಿ ಶ್ರೀರಂಗಪಟ್ಟಣ, ಮೈಸೂರು, ಬೆಲ್ಮಾಂಟ್ ಮೂರೂ ಹೆಸರುಗಳಿವೆ. ಕಾವೇರಿ ದಡದ ಸೊತ್ತು ಇಂಗ್ಲೆಂಡಿನ ಪಡಸಾಲೆಯೊಂದರ ದೀಪಕ್ಕೂ ಊಟಕ್ಕೂ ಹೋಗಿದೆ. ಈ ಕಥೆಗಳನ್ನು ಪ್ರೀತಿಯಿಂದ ಓದುವ ನಾವು ಅದನ್ನೂ ತಿಳಿದೇ ಓದಬೇಕು.

ಮತ್ತೆ ಕಥೆಗಳ ಕಡೆಗೆ ಬಂದರೆ, ರೀಜೆನ್ಸಿ ಪ್ರಣಯ ಕಾದಂಬರಿಯನ್ನು ಒಂದು ಪ್ರಕಾರವಾಗಿ ಕಟ್ಟಿದವಳು ಜಾರ್ಜೆಟ್ ಹೇಯರ್. ಆಸ್ಟಿನ್ ತನ್ನ ಕಾಲವನ್ನೇ ಬರೆದಳು. 1902ರಲ್ಲಿ ಹುಟ್ಟಿದ ಹೇಯರ್ ನೂರು ವರ್ಷ ಹಿಂದಿನದನ್ನು ಕಷ್ಟಪಟ್ಟು ಸಂಶೋಧಿಸಿ ಬರೆದಳು. 1935ರಲ್ಲಿ 'ರೀಜೆನ್ಸಿ ಬಕ್' ಬಂತು. ವಾಟರ್‌ಲೂ ಯುದ್ಧದ ಸುತ್ತ ಹೆಣೆದ 'ಆ್ಯನ್ ಇನ್‌ಫೇಮಸ್ ಆರ್ಮಿ' 1937ರಲ್ಲಿ. ಅವಳ ದೊಡ್ಡಮನೆ ಕಥೆಗಳಲ್ಲಿ ನನಗೆ ಬಹಳ ಪ್ರಿಯವಾದದ್ದು 1959ರ 'ದಿ ಅನ್‌ನೋನ್ ಏಜಾಕ್ಸ್'. ಸಿಡುಕು ಸ್ವಭಾವದ ಮುದಿ ಲಾರ್ಡ್ ಡ್ಯಾರಕಾಟ್‌ನ ಹಿರಿಮಗ ತೀರಿಹೋಗಿದ್ದಾನೆ. ಈಗ ಉತ್ತರಾಧಿಕಾರಿ ಯಾರಪ್ಪಾ ಎಂದರೆ, ಯಾರ್ಕ್‌ಷೈರಿನ ನೇಕಾರರ ಮಗಳನ್ನು ಮದುವೆಯಾದ ತಪ್ಪಿಗೆ ದೂರವಾದ ಇನ್ನೊಬ್ಬ ಮಗನ ಮಗ, ಹ್ಯೂಗೊ. ಅವನನ್ನು ಮೊಮ್ಮಗಳು ಆಂಥಿಯಾಗೆ ಕಟ್ಟಬೇಕೆಂದು ಮುದುಕನ ಅಪ್ಪಣೆ. ಅವಳೋ ಮೊದಲ ದಿನವೇ ಮುಖ ಗಂಟುಹಾಕಿ ಕೂತಿದ್ದಾಳೆ. ಮನೆಯವರೆಲ್ಲ ತನ್ನನ್ನು ಪೆದ್ದನೆಂದು ತೀರ್ಮಾನಿಸಿರುವುದನ್ನು ಕಂಡ ಹ್ಯೂಗೊ, ತಾನು ಸೈನ್ಯದಲ್ಲಿ ಮೇಜರ್ ಆಗಿದ್ದವನಾದರೂ, ಹಳ್ಳಿಯ ಆಡುಮಾತಿನಲ್ಲಿ ಪೆದ್ದನಂತೆಯೇ ಮಾತಾಡುತ್ತಾನೆ. ಆಂಥಿಯಾ ಅವನನ್ನು ಚುಚ್ಚುತ್ತಾಳೆ, ಅವನು ಗಂಭೀರವಾಗಿ ಇನ್ನೊಂದು ಕಟ್ಟುಕಥೆ ಹೇಳುತ್ತಾನೆ. ಚುಚ್ಚುತ್ತಾ ಚುಚ್ಚುತ್ತಾ ಅವಳಿಗೆ ಈ ಪೆದ್ದುತನ ಒಂದು ವೇಷವೆಂದು ಗೊತ್ತಾಗುತ್ತದೆ. ಮಿಕ್ಕವರು ಅವನನ್ನು ತಿದ್ದಲು ಹೋದರು, ಅವಳು ಎದುರು ಮಾತಾಡಿದಳು. ಅದಕ್ಕೇ ಅವಳಿಗೆ ಕಂಡಿತು. ಹೇಯರಳಲ್ಲಿ ದೋಷಗಳಿವೆ. 1950ರ 'ದಿ ಗ್ರ್ಯಾಂಡ್ ಸೋಫಿ'ಯಲ್ಲಿ ಯೆಹೂದಿ ಲೇವಾದೇವಿಗಾರನನ್ನು ಚಿತ್ರಿಸಿದ ರೀತಿ, ಅದೂ ಹಿಟ್ಲರನ ನರಮೇಧದ ಬಳಿಕ, ಕ್ಷಮಿಸುವಂಥದ್ದಲ್ಲ.

ನಮ್ಮ ಕಾಲಕ್ಕೆ ಬಂದರೆ, ಜೂಲಿಯಾ ಕ್ವಿನ್ 2000ದಲ್ಲಿ ಬರೆದ 'ದಿ ವೈಕೌಂಟ್ ಹೂ ಲವ್ಡ್ ಮಿ' ಕಾದಂಬರಿಯ ಕೇಟ್ ಮತ್ತು ಆಂಟನಿ ಇದೇ ಪರಂಪರೆಯ ಜೋಡಿ. 2022ರಲ್ಲಿ 'ಬ್ರಿಜರ್ಟನ್' ಸರಣಿಯ ಎರಡನೆಯ ಭಾಗವಾಗಿ ಅದು ತೆರೆಗೆ ಬಂದಾಗ ಕೇಟ್ ಭಾರತದಿಂದ ಬಂದ ಹುಡುಗಿಯಾದಳು. ಇಲ್ಲಿ ಕುಳಿತ ವಿದ್ಯಾರ್ಥಿನಿಯರಲ್ಲಿ ಹಲವರು ಅದನ್ನು ನೋಡಿರುತ್ತೀರಿ. ಹಳ್ಳಿಮನೆಯ ಹುಲ್ಲುಹಾಸಿನ ಮೇಲೆ ಪಾಲ್‌ಮಾಲ್ ಎಂಬ ಚೆಂಡು-ಸುತ್ತಿಗೆಯ ಆಟದಲ್ಲಿ ಅವರಿಬ್ಬರು ಪಟ್ಟು ಬಿಡದೆ ಸೆಣಸುವುದು ನನಗೆ ಹಿಡಿಸುತ್ತದೆ. ಗೆಲ್ಲುವ ಹಟ ಇಬ್ಬರಿಗೂ ಸಮನಾಗಿರುವುದು ಅಲ್ಲಿ ಮಾತಿಲ್ಲದೆ ತಿಳಿಯುತ್ತದೆ. ಆದರೆ ಇತ್ತೀಚಿನ ಅನೇಕ ಕಥೆಗಳಲ್ಲಿ ಜಗಳಕ್ಕೆ ವಿಷಯವೇ ಇರುವುದಿಲ್ಲ. ಡಾರ್ಸಿ ಎಲಿಜಬೆತ್‌ರ ವಾದಕ್ಕೆ ಸ್ನೇಹ, ಹಟ, ಅಭಿಮಾನ ಎಂಬ ವಿಷಯಗಳಿದ್ದವು. ನಾಯಕ ನಾಯಕಿ ಕಾರಣವಿಲ್ಲದೆ ಮುಖ ಸಿಂಡರಿಸಿಕೊಂಡರೆ, ಮೂರನೆಯ ಅಧ್ಯಾಯದಲ್ಲಿ ಅವರು ರಾಜಿಯಾದಾಗ ಓದುಗರಿಗೆ ಹೊಸದಾಗಿ ತಿಳಿಯುವುದೇನೂ ಇರುವುದಿಲ್ಲ. ಈ ಪ್ರಕಾರದಲ್ಲಿ ಬರೆಯಬೇಕೆನ್ನುವ ಕಿರಿಯರು ನಿಮ್ಮಲ್ಲಿದ್ದರೆ, ಮೊದಲು ನಿಮ್ಮ ಪಾತ್ರಗಳು ಯಾವ ವಿಷಯದಲ್ಲಿ ಭಿನ್ನರು ಎಂಬುದನ್ನು ನಿಶ್ಚಯಿಸಿಕೊಳ್ಳಿ.

ಮದುವೆಯಾದ ಮೇಲೆ ಈ ಜಗಳ ಏನಾಯಿತು ಎಂದು ಕೇಳುವವರಿಗೆ ಆಸ್ಟಿನ್ ಉತ್ತರ ಇಟ್ಟಿದ್ದಾಳೆ. ನಿಶ್ಚಯವಾದ ಹೊಸತರಲ್ಲಿ ಎಲಿಜಬೆತ್‌ಗೆ ಡಾರ್ಸಿಯನ್ನು ಗೇಲಿ ಮಾಡುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ನಗಿಸಿಕೊಳ್ಳುವುದನ್ನು ಅವನಿನ್ನೂ ಕಲಿಯಬೇಕಷ್ಟೆ ಎಂದು ತಡೆದುಕೊಳ್ಳುತ್ತಾಳೆ. ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ತಡೆಯೇನೂ ಉಳಿದಿಲ್ಲ. ಡಾರ್ಸಿಯ ದೊಡ್ಡಮನೆಯಾದ ಪೆಂಬರ್ಲಿಯಲ್ಲಿ ಅವರ ಜೊತೆಗಿರುವ ಡಾರ್ಸಿಯ ತಂಗಿ ಜಾರ್ಜಿಯಾನಾ, ಅಣ್ಣನನ್ನು ತಂದೆಯಂತೆ ಕಂಡು ಬೆಳೆದ ನಾಚಿಕೆಯ ಹುಡುಗಿ, ಅತ್ತಿಗೆ ಅವನೊಡನೆ ಸಲೀಸಾಗಿ ತಮಾಷೆ ಮಾಡುತ್ತಾ ಮಾತಾಡುವುದನ್ನು ಕೇಳಿ ಮೊದಮೊದಲು ಹೆದರಿಯೇ ಬಿಡುತ್ತಾಳೆ. ತನಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವಳಾದ ತಂಗಿಗೆ ಅಣ್ಣ ಕೊಡದ ಸಲಿಗೆಯನ್ನು ಹೆಂಡತಿಯಾದವಳು ಗಂಡನಲ್ಲಿ ತೆಗೆದುಕೊಳ್ಳಬಹುದೆಂದು ಆ ಹುಡುಗಿ ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ಮನೆಯಲ್ಲಿ ಕಿವಿಯಾರೆ ಕೇಳಿ ಕಲಿತಳು.